ಹಾರ್ಮೋನಿಯಂ ಎತ್ತು, ಆಫ್ರಿಕಾದ ಹುಲ್ಲು

ಬ್ರೆಜಿಲ್‌ನ ದನ ಸಾಕುವವರ ಬಾಯಲ್ಲಿ ಒಂದು ಮಾತಿದೆ: 'ಬೊಯಿ ಸಾನ್‌ಫೋನ'. ಬೊಯಿ ಅಂದರೆ ಎತ್ತು. ಸಾನ್‌ಫೋನ ಅಂದರೆ ಎದೆಗೆ ತಗುಲಿಸಿಕೊಂಡು ಎರಡೂ ಕೈಯಲ್ಲಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಅಕಾರ್ಡಿಯನ್. ನಾವು ಹಾರ್ಮೋನಿಯಂನ ತಿದಿ ನೆನೆಸಿಕೊಂಡರೆ ಸಾಕು. ಮಳೆಗಾಲದಲ್ಲಿ ಎತ್ತು ಉಬ್ಬುತ್ತದೆ. ಮಳೆ ನಿಂತ ಮೇಲೆ ಇಳಿಯುತ್ತದೆ, ಪಕ್ಕೆಲುಬು ಎಣಿಸಬಹುದು. ಮತ್ತೆ ಮಳೆ ಬಂತು, ಮತ್ತೆ ಉಬ್ಬಿತು. ಹೀಗೆ ನಾಲ್ಕೈದು ಸಲ ಉಬ್ಬಿ ಇಳಿದ ಮೇಲೆ ಅದು ಮಾರುವ ತೂಕಕ್ಕೆ ಬರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ತಾಯಿಯಿಂದ ಬಿಡಿಸಿದ ಹೋರಿಗರು 180 ಕೆಜಿ ಇದೆ ಅಂದುಕೊಳ್ಳಿ. ಅದು 500 ಕೆಜಿ ಮುಟ್ಟಬೇಕು. ಮಳೆಗಾಲದಲ್ಲಿ 120 ಕೆಜಿ ಏರಿ, ಒಣಗಾಲದಲ್ಲಿ 30 ಕೆಜಿ ಕಳೆದುಕೊಂಡರೆ ವರ್ಷಕ್ಕೆ ಉಳಿಯುವುದು 90. ಮೂರೂವರೆ ವರ್ಷ ದಾಟುತ್ತದೆ. ಕರುವಿನ ಮೊದಲ ಏಳೆಂಟು ತಿಂಗಳು ಸೇರಿಸಿ, ನಾಲ್ಕು ವರ್ಷದ ಮೇಲಾಯಿತು. ಈಗ ಒಣಗಾಲದಲ್ಲಿ 30 ಕಳೆಯುವ ಬದಲು 20 ಕೆಜಿ ಏರಿತು ಅಂದುಕೊಳ್ಳಿ. ವರ್ಷಕ್ಕೆ 140 ಆಯಿತು. ಮೂರು ವರ್ಷ ತುಂಬುವ ಮೊದಲೇ ಲಾರಿ ಹತ್ತಿಸಬಹುದು. ಮಳೆಗಾಲದಲ್ಲಿ ಏನೂ ಬದಲಾಗಿಲ್ಲ, ಗಮನಿಸಿ. ಬದಲಾದದ್ದು ಐದು ತಿಂಗಳ ಒಣಗಾಲ ಮಾತ್ರ.

ಮೇವಿನ ಬೆಳೆ ಅಂದರೆ ಜಾಸ್ತಿ ಹುಲ್ಲು ಬೆಳೆಯುವುದು ಅಂತ ನಾವು ಅಂದುಕೊಳ್ಳುತ್ತೇವೆ. ಮಳೆಗಾಲದಲ್ಲಿ ಯಾರು ಬೇಕಾದರೂ ಜಾಸ್ತಿ ಬೆಳೆಯಬಹುದು. ಬ್ರೆಜಿಲ್‌ನವರು ಐವತ್ತು ವರ್ಷದಿಂದ ತಲೆಕೆಡಿಸಿಕೊಂಡಿರುವುದು ಬೇರೆ ಪ್ರಶ್ನೆಗೆ: ಜನವರಿಯ ಹುಲ್ಲನ್ನು ಆಗಸ್ಟಿಗೆ ಹೇಗೆ ದಾಟಿಸುವುದು? ಅಲ್ಲಿ ಜನವರಿ ಮಳೆಗಾಲ, ಆಗಸ್ಟ್ ಒಣಗಾಲ.

ಆ ದೇಶದ ಅಳತೆ ಮೊದಲು ತಲೆಗೆ ಹೋಗಲಿ. 2022ರ ಜನಗಣತಿಯಲ್ಲಿ ಅಲ್ಲಿದ್ದ ಜನ 20 ಕೋಟಿ ಚಿಲ್ಲರೆ. 2023ರಲ್ಲಿ ಎಣಿಸಿದ ದನ 23 ಕೋಟಿ 86 ಲಕ್ಷ. ಗೋಮಾಂಸ ರಫ್ತಿನಲ್ಲಿ ಪ್ರಪಂಚಕ್ಕೆ ಮೊದಲ ಸ್ಥಾನ. ಹುಲ್ಲುಗಾವಲೇ ಸುಮಾರು 16 ಕೋಟಿ ಹೆಕ್ಟೇರ್ ಇದೆ, ಅಂದರೆ ಎಂಟು ಕರ್ನಾಟಕ. ಧಾನ್ಯ ತಿನ್ನಿಸಿ ಕೊಬ್ಬಿಸುವ ಫೀಡ್‌ಲಾಟ್‌ಗಳೂ ಇವೆ. ಆದರೆ ಅಲ್ಲಿಗೆ ಹೋಗುವ ದನ ಕಡಿಮೆ, ಹೋದರೂ ಕೊನೆಯ ಮೂರು ತಿಂಗಳಿಗೆ. ಉಳಿದ ಬದುಕೆಲ್ಲ ಹುಲ್ಲಿನ ಮೇಲೆ.

ಆ ದನ ಯಾವುದು ಗೊತ್ತಾ? ಬಿಳಿ ಮೈ, ಭುಜದ ಮೇಲೆ ಡುಬ್ಬ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು. ನಮ್ಮ ಪಕ್ಕದ ಓಂಗೋಲಿನ ದನ. ಆಗ ಓಂಗೋಲು ಸೀಮೆ ನೆಲ್ಲೂರು ಜಿಲ್ಲೆಗೆ ಸೇರಿತ್ತು, ಅದಕ್ಕೆ ಬ್ರೆಜಿಲ್‌ನಲ್ಲಿ ಈ ತಳಿಯ ಹೆಸರು 'ನೆಲೋರ್'. 1868ರಲ್ಲಿ ಹಡಗೊಂದು ಸಾಲ್ವಡಾರ್ ಬಂದರಿನಲ್ಲಿ ಒಂದು ಜೋಡಿಯನ್ನು ಇಳಿಸಿತು. 1878ರಲ್ಲಿ ಒಬ್ಬ ಜಮೀನ್ದಾರ ಜರ್ಮನಿಯ ಹ್ಯಾಂಬರ್ಗ್ ಮೃಗಾಲಯದಿಂದ ಇನ್ನೊಂದು ಜೋಡಿ ತರಿಸಿದ. ಕೊನೆಯ ದೊಡ್ಡ ತಂಡ ಹೋಗಿದ್ದು 1960ರ ದಶಕದ ಆರಂಭದಲ್ಲಿ. ಅದರಲ್ಲಿದ್ದ ಒಂದು ಹೆಸರಾಂತ ಹೋರಿಯನ್ನು ಕರವಡಿ ಅಂತಲೇ ಕರೆದರು, ಓಂಗೋಲಿನ ಪಕ್ಕದ ಹಳ್ಳಿಯ ಹೆಸರು ಅದು. ಗುಜರಾತಿನ ಗಿರ್, ಕಾಂಕ್ರೇಜ್ ದನಗಳೂ ಹೀಗೇ ಸಮುದ್ರ ದಾಟಿದವು. ಅಮೆರಿಕದವರು ಕಟ್ಟಿದ ಬ್ರಹ್ಮನ್ ತಳಿಯಲ್ಲಂತೂ ನಮ್ಮ ಕೃಷ್ಣಾ ತೀರದ ತಳಿಯ ರಕ್ತವೂ ಇದೆ.

ಗೋಮಾಂಸದ ಬಗ್ಗೆ ನಮ್ಮಲ್ಲಿ ನಡೆಯುವ ವಾದ ಬೇರೆಯದೇ ಒಂದು ಲೇಖನ, ಅದನ್ನು ಇಲ್ಲಿಗೆ ಎಳೆಯುವುದಿಲ್ಲ. ಹುಲ್ಲಿನ ಲೆಕ್ಕಕ್ಕೆ ಹಾಲಿನ ಹಸು, ಉಳುವ ಎತ್ತು, ಮಾಂಸದ ಹೋರಿ ಎಲ್ಲ ಒಂದೇ. ನಾಲ್ಕು ಕೋಣೆಯ ಹೊಟ್ಟೆ ಎಲ್ಲಕ್ಕೂ ಇದೆ.

ಒಣಗಾಲದ ಸಮಸ್ಯೆ ನಮಗೂ ಹೊಸದಲ್ಲ. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳನ್ನೇ ನೋಡಿ. ಅವುಗಳಲ್ಲಿ ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಗುರುತು ಮಾಡಿದ್ದರು. ಬೇಸಿಗೆ ಕಾವಲಿಗೆ ನೀರು, ನೆರಳು, ಕೆರೆಯಂಗಳದ ಹಸಿರು ಇರಬೇಕು. ಕಾಲ ಬದಲಾದ ಹಾಗೆ ದನವನ್ನೇ ಹೊಡೆದುಕೊಂಡು ಹೋಗುತ್ತಿದ್ದರು. ಕಡೂರು, ಬೀರೂರು, ಅಜ್ಜಂಪುರದ ಕಡೆ ಈಗಲೂ ಕಾವಲು ಅಂತ ಕೊನೆಯಾಗುವ ಊರಿನ ಹೆಸರುಗಳು ಸಿಗುತ್ತವಲ್ಲ, ಹಲವಕ್ಕೆ ಮೂಲ ಅದೇ. ಹುಲ್ಲು ಇರುವಲ್ಲಿಗೆ ದನ ಹೋಗುವುದು ಹಳೆಯ ಉಪಾಯ. ಬೇಲಿ ಬಿದ್ದ ಮೇಲೆ ಅದು ನಡೆಯುವುದಿಲ್ಲ. ಆಗ ಇದ್ದಲ್ಲೇ ಹುಲ್ಲು ಹುಟ್ಟಿಸಬೇಕು.

ಬ್ರೆಜಿಲ್‌ನ ನಡುಭಾಗದ ಬಯಲಿಗೆ 'ಸೆರಾಡೊ' ಅನ್ನುತ್ತಾರೆ. ಸುಮಾರು 20 ಲಕ್ಷ ಚದರ ಕಿಲೋಮೀಟರ್, ಹತ್ತು ಕರ್ನಾಟಕದಷ್ಟು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಮಳೆ, ಮೇನಿಂದ ಸೆಪ್ಟೆಂಬರ್‌ವರೆಗೆ ಹನಿ ಇಲ್ಲ. ಮಣ್ಣು ಕೆಂಪು, ಆಳ, ನೋಡಲು ಚೆಂದ, ಆದರೆ ಸಾರವಿಲ್ಲ. ನಮ್ಮ ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಸಂಬಂಧಿ ಅನ್ನಬಹುದು. ಹುಳಿ ಮಣ್ಣು. ಹುಳಿ ಜಾಸ್ತಿಯಾದಾಗ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಸುಡುತ್ತದೆ. ಬೇರು ಮೋಟಾಗುತ್ತದೆ, ಕೆಳಗೆ ನೀರಿದ್ದರೂ ಮುಟ್ಟಲಾಗುವುದಿಲ್ಲ. ರಂಜಕ ಮೊದಲೇ ಕಡಿಮೆ. ಹಾಕಿದ ರಂಜಕವನ್ನೂ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ. ಅಲ್ಲಿನ ಸ್ವಂತ ಹುಲ್ಲು ಈ ಮಣ್ಣಿಗೆ ಒಗ್ಗಿಕೊಂಡಿತ್ತು ನಿಜ, ಆದರೆ ಅದು ಬಡ ಹುಲ್ಲು. ಒಂದು ದನಕ್ಕೆ ಹಲವು ಎಕರೆ ಬೇಕಾಗುತ್ತಿತ್ತು.

ಪರಿಹಾರ ಬಂದದ್ದು ಆಫ್ರಿಕಾದಿಂದ. ಬ್ರಾಕಿಯಾರಿಯ ಅನ್ನುವ ಹುಲ್ಲಿನ ಕುಲ ಪೂರ್ವ ಆಫ್ರಿಕಾದ ಸವನ್ನಾದಲ್ಲಿ ಲಕ್ಷಾಂತರ ವರ್ಷ ಕಾಡೆಮ್ಮೆ, ಜೀಬ್ರಾಗಳ ಹಲ್ಲಿಗೆ ಸಿಕ್ಕು ಪಳಗಿದ್ದು. ಮೇದಷ್ಟೂ ಚಿಗುರುತ್ತದೆ. ಹುಳಿ ಮಣ್ಣಿಗೆ ಹೆದರುವುದಿಲ್ಲ, ಬೇರನ್ನು ಒಂದು ಮೀಟರಿಗೂ ಕೆಳಗೆ ಇಳಿಸುತ್ತದೆ. ಮೊದಲು ಓಡಿದ್ದು ಡೆಕುಂಬೆನ್ಸ್ ಅನ್ನುವ ಜಾತಿ. ಉಗಾಂಡದಿಂದ ಆಸ್ಟ್ರೇಲಿಯಾಕ್ಕೆ ಹೋಗಿ, ಅಲ್ಲಿಂದ 1970ರ ದಶಕದಲ್ಲಿ ಬೀಜದ ಮೂಟೆಗಳಾಗಿ ಬ್ರೆಜಿಲ್‌ಗೆ ಬಂತು. ಸಸ್ಯಶಾಸ್ತ್ರದವರು ಈಗ ಈ ಕುಲಕ್ಕೆ ಉರೊಕ್ಲೋವ ಅಂತ ಹೊಸ ಹೆಸರು ಇಟ್ಟಿದ್ದಾರೆ. ಬೀಜದಂಗಡಿಯಲ್ಲಿ ಇನ್ನೂ ಬ್ರಾಕಿಯಾರಿಯವೇ.

ಸೆರಾಡೊ ತುಂಬ ಒಂದೇ ಹುಲ್ಲು ಹರಡಿತು. ಆಗ ಹುಳ ಬಂತು. ಹುಲ್ಲಿನ ಬುಡದಲ್ಲಿ ಉಗುಳಿನಂಥ ನೊರೆ ಮಾಡಿಕೊಂಡು ಅದರೊಳಗೆ ಕೂತು ರಸ ಹೀರುವ ಹುಳ ಅದು. ದೊಡ್ಡದಾದ ಮೇಲೆ ಎಲೆಗೆ ಹತ್ತಿ ಚುಚ್ಚುತ್ತದೆ. ಮಳೆಗಾಲದ ನಡುವೆಯೇ ಹಸಿರು ಬಯಲು ಬೆಂಕಿ ಬಿದ್ದ ಹಾಗೆ ಒಣಗುತ್ತಿತ್ತು. ಬ್ರೆಜಿಲ್‌ನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಹುಟ್ಟಿದ್ದು 1973ರಲ್ಲಿ. ಕಾಂಪೊ ಗ್ರಾಂಡೆ ಊರಿನಲ್ಲಿ ಮಾಂಸದ ದನಕ್ಕೆಂದೇ ಅದರ ಒಂದು ಕೇಂದ್ರವಿದೆ. ಅಲ್ಲಿಂದ 1984ರಲ್ಲಿ 'ಮರಂದು' ಅನ್ನುವ ತಳಿ ಹೊರಬಂತು. ಮೂಲ ಜಿಂಬಾಬ್ವೆ. ಮರಂದು ಅಂದರೆ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಗುವರಾನಿ ಭಾಷೆಯಲ್ಲಿ ಹೊಸ ಸುದ್ದಿ. ಆ ಹುಳವನ್ನು ಇದು ತಡೆದುಕೊಂಡಿತು, ಇಳುವರಿಯೂ ಚೆನ್ನಾಗಿತ್ತು. ರೈತರು ಮತ್ತೆ ಊರಿಗೂರೇ ಅದನ್ನೇ ಬಿತ್ತಿದರು.

ಇಲ್ಲಿ ಒಂದು ಸ್ವಾರಸ್ಯ ಇದೆ. ಮರಂದು ಬೀಜ ಕಟ್ಟುತ್ತದೆ, ಆದರೆ ಗಂಡು ಹೆಣ್ಣಿನ ಕೂಡಿಕೆ ಇಲ್ಲದೆ. ತಾಯಿಗಿಡ ತನ್ನದೇ ಪಡಿಯಚ್ಚನ್ನು ಬೀಜದೊಳಗೆ ಇಟ್ಟು ಕಳಿಸುತ್ತದೆ. ಕೋಟಿಗಟ್ಟಲೆ ಎಕರೆಯಲ್ಲಿ ನಿಂತಿರುವುದು ಲೆಕ್ಕಕ್ಕೆ ಒಂದೇ ಗಿಡ. ರೈತನಿಗೆ ಇದು ಅನುಕೂಲ, ಕೊಂಡ ಬೀಜ ಯಾವಾಗಲೂ ಒಂದೇ ಥರ ಬರುತ್ತದೆ. ಅಪಾಯವೂ ಅದೇ, ಒಂದಕ್ಕೆ ಹಿಡಿದ ರೋಗ ಎಲ್ಲಕ್ಕೂ ಹಿಡಿಯುತ್ತದೆ. ನೀರು ನಿಲ್ಲುವ ಅಮೆಜಾನ್ ಅಂಚಿನ ಜಮೀನುಗಳಲ್ಲಿ ಮರಂದು ತಟ್ಟೆ ತಟ್ಟೆಯಾಗಿ ಸತ್ತಾಗ ಅದು ಕಣ್ಣಿಗೆ ಕಂಡಿತು. ಈ ಹುಲ್ಲಿಗೆ ಕಾಲು ಒದ್ದೆಯಾಗಬಾರದು. ಆಮೇಲೆ ಒಂದೊಂದೇ ಬೇರೆ ತಳಿ ಬಿಟ್ಟರು. 2013ರ ಪಯಾಗ್ವಾಸ್ ಅದರಲ್ಲೊಂದು, ಒಣಗಾಲದಲ್ಲೂ ಎಲೆ ಉಳಿಸಿಕೊಳ್ಳುವುದು ಅದರ ಗುಣ.

ಬೀಜ ಹೇಗೆ ಕೊಯ್ಯುತ್ತಾರೆ ಅನ್ನುವುದನ್ನು ಹೇಳಲೇಬೇಕು. ಹುಲ್ಲಿನ ಬೀಜ ರಾಗಿಯ ಹಾಗೆ ತೆನೆಯಲ್ಲಿ ಕಾಯುತ್ತಾ ಕೂರುವುದಿಲ್ಲ, ಮಾಗಿದ್ದು ಮಾಗಿದ ಹಾಗೆ ಉದುರುತ್ತದೆ. ಹಾಗಾಗಿ ಪೂರ್ತಿ ಉದುರಲು ಬಿಡುತ್ತಾರೆ. ಆಮೇಲೆ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ ಪಕ್ಕಕ್ಕೆ ಎಳೆದು, ನೆಲವನ್ನು ಗುಡಿಸುತ್ತಾರೆ. ಹೌದು, ಅಂಗಳ ಗುಡಿಸಿದ ಹಾಗೆ. ಮೊದಲು ಕೈಪೊರಕೆ, ಈಗ ಯಂತ್ರ. ಗುಡಿಸಿದ್ದರಲ್ಲಿ ಬೀಜದ ಜೊತೆ ಮಣ್ಣು, ಕಡ್ಡಿ, ಹೊಟ್ಟು ಎಲ್ಲ ಇರುತ್ತದೆ. ಜರಡಿ ಹಿಡಿದಷ್ಟೂ ಬೆಲೆ ಏರುತ್ತದೆ. ಅದಕ್ಕೇ ಅಲ್ಲಿ ಬೀಜದ ಚೀಲದ ಮೇಲೆ ತೂಕದ ಜೊತೆಗೆ ಇನ್ನೊಂದು ಅಂಕಿ ನೋಡುತ್ತಾರೆ. ನೂರರಲ್ಲಿ ಬೀಜ ಎಷ್ಟು, ಆ ಬೀಜದಲ್ಲಿ ಮೊಳೆಯುವುದು ಎಷ್ಟು, ಎರಡನ್ನೂ ಗುಣಿಸಿದ್ದು. 60 ಭಾಗ ಬೀಜ, ಅದರಲ್ಲಿ 80 ಭಾಗ ಮೊಳೆತರೆ ಅಂಕಿ 48. ಹೆಕ್ಟೇರಿಗೆ 4 ಕೆಜಿ ಜೀವಂತ ಬೀಜ ಬೇಕು ಅಂದರೆ ಈ ಚೀಲದಿಂದ 8 ಕೆಜಿಗಿಂತ ಜಾಸ್ತಿ ಸುರಿಯಬೇಕು. ಅಗ್ಗದ ಚೀಲ ಕೊಂಡವನು ದುಡ್ಡು ಕೊಟ್ಟು ಮಣ್ಣು ಕೊಂಡಿರುತ್ತಾನೆ. ನಮ್ಮಲ್ಲೂ ಮೇವಿನ ಬೀಜ ಕೊಳ್ಳುವಾಗ ಈ ಲೆಕ್ಕ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ, ಆ ಮಾತು ಬೇರೆ.

ಬಿತ್ತಿ ಆಯಿತು, ಹುಲ್ಲು ಬಂತು. ಈಗ ಯಾವಾಗ ಮೇಯಿಸಬೇಕು? ಇಲ್ಲೇ ಎಲ್ಲರೂ ಎಡವುವುದು. ನಾನೂ ಎಡವಿದ್ದೇನೆ.

ನಮ್ಮ ತೆಂಗಿನ ತೋಟದ ಬದುವಿನಲ್ಲಿ ಗಿನಿ ಹುಲ್ಲು ಹಾಕಿದ್ದೆ. ಮೊದಲ ವರ್ಷ ಸೊಂಟದೆತ್ತರ ಬಂದಾಗ ಕೊಯ್ಯಲು ಮನಸ್ಸಾಗಲಿಲ್ಲ. ಇನ್ನೂ ಸ್ವಲ್ಪ ಬೆಳೆಯಲಿ, ರಾಶಿ ಜಾಸ್ತಿ ಸಿಗುತ್ತೆ ಅಂತ ಆಸೆ. ತಲೆಯೆತ್ತರವಾಗಿ ಹೂ ಬಂತು. ಕೊಯ್ದಾಗ ಹೊರೆ ಹೊರೆ ಆಯಿತು, ಖುಷಿಯೂ ಆಯಿತು. ಮರುದಿನ ಬೆಳಿಗ್ಗೆ ಗೋದಲಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹಾಗೇ ಬಿದ್ದಿದೆ. ಹಸು ಎಲೆಯನ್ನೆಲ್ಲ ನಾಜೂಕಾಗಿ ಸುಲಿದು ತಿಂದು, ಬೆರಳು ದಪ್ಪದ ಕಡ್ಡಿಗಳನ್ನು ಹಲ್ಲುಕಡ್ಡಿ ಥರ ಬಿಟ್ಟಿತ್ತು. ಹಾಲೂ ಇಳಿಯಿತು. ಅಮ್ಮ ಒಂದೇ ಮಾತು ಹೇಳಿದರು: "ನೀನು ಹುಲ್ಲು ಬೆಳೆದಿಲ್ಲ ಕಣೋ, ಸೌದೆ ಬೆಳೆದಿದ್ದೀಯ."

ಆ ಸೌದೆ ಯಾವ ದಿನದಿಂದ ಶುರುವಾಗುತ್ತದೆ ಅನ್ನುವುದನ್ನು ಬ್ರೆಜಿಲ್‌ನವರು ಅಳೆದಿದ್ದಾರೆ. ಸಾವೊ ಪೌಲೊ ರಾಜ್ಯದ ಪಿರಾಸಿಕಾಬಾದಲ್ಲಿರುವ ಕೃಷಿ ಕಾಲೇಜಿನವರು ಹುಲ್ಲಿನ ಮೇಲೆ ಎಷ್ಟು ಬೆಳಕು ಬೀಳುತ್ತದೆ, ಬುಡಕ್ಕೆ ಎಷ್ಟು ಮುಟ್ಟುತ್ತದೆ ಅಂತ ಉಪಕರಣ ಇಟ್ಟು ನೋಡಿದರು. ಹುಲ್ಲು ಚಿಕ್ಕದಿರುವಾಗ ಬೆಳಕು ನೆಲಕ್ಕೆ ಬೀಳುತ್ತದೆ, ಗಿಡ ಪೂರ್ತಿ ಎಲೆಯನ್ನೇ ಮಾಡುತ್ತಿರುತ್ತದೆ. ಬೆಳೆಯುತ್ತಾ ಎಲೆ ದಟ್ಟವಾಗಿ 100ರಲ್ಲಿ 95 ಭಾಗ ಬೆಳಕನ್ನು ಮೇಲೆಯೇ ಹಿಡಿದುಬಿಡುತ್ತದೆ. ಅಲ್ಲಿಂದ ಆಟ ಬದಲು. ಕೆಳಗಿನ ಎಲೆಗೆ ಬೆಳಕಿಲ್ಲ, ಅದು ಸಾಯತೊಡಗುತ್ತದೆ. ಪಕ್ಕದ ಗಿಡ ತನ್ನ ಮೇಲೆ ನೆರಳು ಹಾಕುತ್ತಿದೆ ಅಂತ ಪ್ರತಿಯೊಂದು ಗಿಡವೂ ಕತ್ತು ಚಾಚುತ್ತದೆ. ಕತ್ತು ಚಾಚಲು ಬೇಕಿರುವುದು ಎಲೆಯಲ್ಲ, ದಂಟು. ರಾಶಿ ಏರುತ್ತಲೇ ಹೋಗುತ್ತದೆ, ಆದರೆ ಏರುವುದು ದಂಟು ಮತ್ತು ಸತ್ತ ಎಲೆ. ದನ ಏನನ್ನು ಬಿಡುತ್ತದೋ ಅದು.

ರೈತ ದಿನಾ ಬೆಳಕಿನ ಉಪಕರಣ ಹಿಡಿದು ಓಡಾಡಲಾಗುತ್ತಾ? ಇಲ್ಲ. ಅದಕ್ಕೆ ಆ 95ನ್ನು ಎತ್ತರಕ್ಕೆ ತಿರುಗಿಸಿ ಕೊಟ್ಟರು. ಗಿನಿ ಹುಲ್ಲಿನ ಕುಲದ ಮೊಂಬಾಸ ತಳಿಗೆ 90 ಸೆಂಟಿಮೀಟರ್, ಟಾಂಜಾನಿಯ ತಳಿಗೆ 70, ಮರಂದುವಿಗೆ ಬರೀ 25. ಆ ಎತ್ತರಕ್ಕೆ ಬಂದ ದಿನ ದನ ಒಳಗೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿದ ದಿನ ಹೊರಗೆ. ಬುಡದವರೆಗೆ ಬೋಳಿಸಬಾರದು. ಉಳಿದ ಎಲೆಯೇ ಮುಂದಿನ ಚಿಗುರಿಗೆ ಅಡುಗೆಮನೆ. ಗುರುತು ಹಾಕಿದ ಕೋಲೊಂದು ಹಿಡಿದುಕೊಂಡು ಮೇವಾಳು ಬೇಲಿಯಿಂದ ಬೇಲಿಗೆ ಸುತ್ತುತ್ತಾನೆ. '30 ದಿನಕ್ಕೊಮ್ಮೆ ಮೇಯಿಸಿ' ಅನ್ನುವ ಹಳೆಯ ಲೆಕ್ಕ ಇಲ್ಲಿ ಬಿದ್ದುಹೋಗುತ್ತದೆ. ಒಳ್ಳೆ ಮಳೆ, ಒಳ್ಳೆ ಗೊಬ್ಬರ ಇದ್ದರೆ 20 ದಿನಕ್ಕೇ ಆ ಎತ್ತರ, ಮೋಡ ಮುಸುಕಿದ ಚಳಿಯಲ್ಲಿ 50 ದಿನವಾದರೂ ಇಲ್ಲ. ಕ್ಯಾಲೆಂಡರ್ ನೋಡುವವನಿಗಿಂತ ಕೋಲು ಹಿಡಿದವನು ವಾಸಿ.

25 ಸೆಂಟಿಮೀಟರ್ ಅಂದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಅಷ್ಟು ಗಿಡ್ಡ ಹುಲ್ಲಿಗೆ ದನ ಬಿಡುವುದು ನಮಗೆ ದುಂದು ಅನ್ನಿಸುತ್ತದೆ, ಅಲ್ವಾ? ಬೆಳೆದ ಹುಲ್ಲನ್ನು ಕಣ್ಣಲ್ಲಿ ಅಳೆಯುವ ಅಭ್ಯಾಸ ನಮ್ಮದು. ಹಸು ಅದನ್ನು ನಾಲಿಗೆಯಲ್ಲಿ ಅಳೆಯುತ್ತದೆ.

ಇನ್ನು ಒಣಗಾಲ. ಮೇ ತಿಂಗಳಲ್ಲಿ ಮಳೆ ನಿಂತಿತು. ಅದೇ ಹೊತ್ತಿಗೆ ಕರುಗಳನ್ನು ತಾಯಿಯಿಂದ ಬಿಡಿಸುತ್ತಾರೆ, ಹಾಲು ತಪ್ಪಿದ ಮರಿಗೆ ಸಿಗುವುದು ಒಣಗುತ್ತಿರುವ ಹುಲ್ಲು. ಜಾಣ ರೈತ ಜನವರಿ ಕೊನೆಯಿಂದ ಮಾರ್ಚ್ ಒಳಗೆ ಕೆಲವು ಬೇಲಿಗಳಿಗೆ ಬಾಗಿಲು ಹಾಕಿಬಿಟ್ಟಿರುತ್ತಾನೆ. ದನ ಬಿಡುವುದಿಲ್ಲ, ಸ್ವಲ್ಪ ಸಾರಜನಕ ಗೊಬ್ಬರ ಹಾಕುತ್ತಾನೆ. ಮಳೆಯ ಕೊನೆಯ ಕಂತಿನಲ್ಲಿ ಅಲ್ಲಿ ಹುಲ್ಲು ಬೆಳೆದು ನಿಂತು, ಹಾಗೇ ನಿಂತಲ್ಲೇ ಒಣಗುತ್ತದೆ. ಕೊಯ್ಯದ ಬಣವೆ ಅನ್ನಿ. ತೀರಾ ಬೇಗ ಬಾಗಿಲು ಹಾಕಿದರೆ ನನ್ನ ಗಿನಿ ಹುಲ್ಲಿನ ಕಥೆ, ಸೌದೆ. ತೀರಾ ತಡವಾದರೆ ರಾಶಿಯೇ ಇಲ್ಲ. ಈ ಕೆಲಸಕ್ಕೆ ದಂಟು ಸಣ್ಣ ಇರುವ ಬ್ರಾಕಿಯಾರಿಯ ಸರಿ. ಮೊಂಬಾಸದಂಥ ಎತ್ತರದ ಹುಲ್ಲನ್ನು ನಿಲ್ಲಿಸಿದರೆ ಬೊಂಬು ಸಿಗುತ್ತದೆ.

ಈಗ ಹೊಟ್ಟೆಗೆ ಹೊಟ್ಟು ಸಿಕ್ಕಿತು. ದನ ಯಾಕೆ ಇಳಿಯುತ್ತದೆ ಹಾಗಾದರೆ? ಆಗಸ್ಟಿನಲ್ಲಿ ಅಷ್ಟೆತ್ತರದ ಒಣಹುಲ್ಲಿನ ನಡುವೆಯೇ ಎತ್ತು ಸೊರಗುವುದನ್ನು ನೋಡಿ ಹಳಬರಿಗೂ ಇದು ಒಗಟಾಗಿತ್ತು.

ವಿಷಯ ಇಷ್ಟು. ಹುಲ್ಲನ್ನು ಹಸು ಜೀರ್ಣಿಸುವುದಿಲ್ಲ. ಅದರ ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಜೀರ್ಣಿಸುತ್ತವೆ. ನಾರನ್ನು ಒಡೆದು ಹಸುವಿಗೆ ಶಕ್ತಿ ಕೊಡುತ್ತವೆ, ಆಮೇಲೆ ತಾವೇ ಮುಂದಿನ ಹೊಟ್ಟೆಗೆ ಜಾರಿ ಹಸುವಿಗೆ ಪ್ರೋಟೀನ್ ಆಗುತ್ತವೆ. ಅಂದರೆ ನಾವು ಮೇವು ಹಾಕುವುದು ಹಸುವಿಗಲ್ಲ, ಆ ಆಳುಗಳಿಗೆ. ಆಳುಗಳಿಗೆ ಸಾರಜನಕ ಬೇಕು. ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ ಸುಮಾರು 7ಕ್ಕಿಂತ ಕೆಳಗೆ ಇಳಿದರೆ ಅವು ಸೊರಗುತ್ತವೆ. ಮಳೆಗಾಲದ ಎಲೆಯಲ್ಲಿ 10, 12 ಇರುವುದು ಒಣಗಿ ನಿಂತಾಗ 3 ರಿಂದ 5ಕ್ಕೆ ಬಂದಿರುತ್ತದೆ. ಆಳುಗಳು ಕೈಬಿಟ್ಟವು, ನಾರು ಒಡೆಯುವುದು ನಿಧಾನವಾಯಿತು, ಹಳೆಯ ಹುಲ್ಲು ಹೊಟ್ಟೆಯಿಂದ ಮುಂದೆ ಸಾಗುತ್ತಿಲ್ಲ. ಹೊಟ್ಟೆ ಖಾಲಿಯಾಗದಿದ್ದರೆ ಹೊಸದನ್ನು ತಿನ್ನುವುದು ಹೇಗೆ? ಹುಲ್ಲಿನ ನಡುವೆ ನಿಂತು, ಹೊಟ್ಟೆ ತುಂಬ ಹುಲ್ಲು ಇಟ್ಟುಕೊಂಡು ಹಸಿವಿನಿಂದ ಇಳಿಯುತ್ತದೆ.

ಉಪ್ಪಿನ ತೊಟ್ಟಿಗೆ ಸ್ವಲ್ಪ ಯೂರಿಯಾ, ಸ್ವಲ್ಪ ಸೋಯಾ ಹಿಂಡಿ ಬೆರೆಸಿ ಇಟ್ಟರೆ ಆ ಆಳುಗಳು ಎದ್ದು ಕೂರುತ್ತವೆ. ಒಂದು ಕೆಜಿ ಯೂರಿಯಾದಲ್ಲಿರುವ ಸಾರಜನಕವನ್ನು ಅವು ಎರಡೂ ಮುಕ್ಕಾಲು ಕೆಜಿ ಪ್ರೋಟೀನಿನಷ್ಟಕ್ಕೆ ಸಮ ಮಾಡಬಲ್ಲವು. ಉಪ್ಪು ಯಾಕೆ ಅಂದರೆ ಅದು ಲಗಾಮು. ಉಪ್ಪಿದ್ದರೆ ದನ ಒಂದೇ ಸಲಕ್ಕೆ ಗಬಗಬ ತಿನ್ನುವುದಿಲ್ಲ. ಆದರೆ ಯೂರಿಯಾ ಬೆರೆಸುವಾಗ ಕೈ ನಡುಗಬೇಕು. ಜಾಸ್ತಿಯಾದರೆ ವಿಷ. ತೊಟ್ಟಿಗೆ ಚಾವಣಿ ಇರಲೇಬೇಕು, ತಳದಲ್ಲಿ ತೂತು ಇರಲೇಬೇಕು. ಅಕಾಲದ ಮಳೆ ಬಂದು ತೊಟ್ಟಿಯಲ್ಲಿ ನೀರು ನಿಂತು, ಆ ಯೂರಿಯಾ ನೀರು ಕುಡಿದ ದನ ಗಂಟೆಗಳಲ್ಲಿ ಸಾಯುತ್ತದೆ. ಇದನ್ನು ಓದಿ ನಿಮ್ಮ ಕೊಟ್ಟಿಗೆಯಲ್ಲಿ ಸುಮ್ನೆ ಪ್ರಯೋಗಕ್ಕೆ ಇಳಿಯಬೇಡಿ, ಪಶುವೈದ್ಯರನ್ನು ಕೇಳಿ. ನಮ್ಮಲ್ಲಿ ಒಣಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ, 100 ಕೆಜಿಗೆ 4 ಕೆಜಿಯಂತೆ, ಗಾಳಿಯಾಡದ ಹಾಗೆ ಮೂರು ವಾರ ಮುಚ್ಚಿಡುವುದನ್ನು ಹೇಳಿಕೊಡುತ್ತಾರಲ್ಲ, ಅದರ ಹಿಂದಿರುವುದೂ ಇದೇ ಲೆಕ್ಕ.

ಈ ತೊಟ್ಟಿಯ ಉಪಾಯಕ್ಕೂ ಒಂದು ಷರತ್ತಿದೆ. ಮುಂದೆ ಒಣಹುಲ್ಲಿನ ರಾಶಿ ಇರಬೇಕು. ಬೋಳು ನೆಲದ ಮೇಲೆ ತೊಟ್ಟಿ ಇಟ್ಟರೆ ಪ್ರಯೋಜನವಿಲ್ಲ. ಆಳುಗಳಿಗೆ ಕೂಲಿ ಕೊಟ್ಟು ಕೆಲಸವೇ ಕೊಡದ ಹಾಗೆ. ಹಾಗಾಗಿ ಫೆಬ್ರವರಿಯಲ್ಲಿ ಬಾಗಿಲು ಹಾಕಿದವನಿಗೆ ಮಾತ್ರ ಆಗಸ್ಟಿನ ಯೂರಿಯಾ ದಕ್ಕುತ್ತದೆ.

ರಸಮೇವೂ ಇದೆ. ಜೋಳ, ಮೆಕ್ಕೆಜೋಳ, ಕೆಲವರು ಮೊಂಬಾಸವನ್ನೇ ಕತ್ತರಿಸಿ ಗುಂಡಿಯಲ್ಲಿ ತುಳಿದು ಮುಚ್ಚುತ್ತಾರೆ. ನಮ್ಮ ನೇಪಿಯರ್ ಕುಲದ ಕಪಿಯಾಸು ಅನ್ನುವ ತಳಿಯನ್ನು ಎಂಬ್ರಾಪಾ 2016ರಲ್ಲಿ ಬಿಟ್ಟ ಮೇಲೆ ಸಣ್ಣ ರೈತರೂ ಶುರು ಮಾಡಿದರು. ಆದರೆ ಸಾವಿರಾರು ದನ ಇರುವಲ್ಲಿ ಕೊಯ್ದು ಹೊತ್ತು ಹಾಕುವುದು ಕೊನೆಯ ಮಾರ್ಗ. ದನಕ್ಕೆ ನಾಲ್ಕು ಕಾಲಿದೆ, ಬಾಯಿದೆ, ಕೊಯ್ಯುವ ಯಂತ್ರವೂ ಸಾಗಿಸುವ ಗಾಡಿಯೂ ಅದೇ.

ನನಗೆ ಎಲ್ಲಕ್ಕಿಂತ ಚೆಂದ ಅನ್ನಿಸಿದ್ದು ಮೆಕ್ಕೆಜೋಳದೊಳಗೆ ಹುಲ್ಲು ಬಚ್ಚಿಡುವ ಉಪಾಯ. ಗೊಯಾಸ್ ರಾಜ್ಯದ ಸಾಂಟಾ ಹೆಲೆನಾದಲ್ಲಿ ಸಾಂಟಾ ಫೆ ಅನ್ನುವ ಜಮೀನಿನಲ್ಲಿ ಪರೀಕ್ಷೆ ಮಾಡಿ, 2000ದ ಹೊತ್ತಿಗೆ ಎಂಬ್ರಾಪಾದವರು ಅದೇ ಹೆಸರಿನಲ್ಲಿ ಹೊರಗೆ ಬಿಟ್ಟರು. ಮೆಕ್ಕೆಜೋಳ ಬಿತ್ತುವಾಗಲೇ ಬ್ರಾಕಿಯಾರಿಯ ಬೀಜವನ್ನು ಗೊಬ್ಬರದ ಜೊತೆ ಬೆರೆಸಿ ಸ್ವಲ್ಪ ಆಳಕ್ಕೆ ಹಾಕುತ್ತಾರೆ. ಆಳದಲ್ಲಿದ್ದದ್ದು ತಡವಾಗಿ ಮೇಲೆ ಬರುತ್ತದೆ. ಅಷ್ಟರಲ್ಲಿ ಮೆಕ್ಕೆಜೋಳ ಎದ್ದು ನೆರಳು ಹಾಕಿರುತ್ತದೆ. ಹುಲ್ಲು ಬದುಕಿರುತ್ತದೆ, ಆದರೆ ಬೆಳೆಯುವುದಿಲ್ಲ, ಅತ್ತೆಮನೆಯ ಹೊಸ ಸೊಸೆಯ ಹಾಗೆ ಮೂಲೆಯಲ್ಲಿ ತೆಪ್ಪಗೆ ಇರುತ್ತದೆ. ಬೇಕಾದರೆ ಸ್ವಲ್ಪವೇ ಕಳೆನಾಶಕ ಸೋಕಿಸಿ ಇನ್ನಷ್ಟು ತಡೆಯುತ್ತಾರೆ, ಕೊಲ್ಲುವುದಿಲ್ಲ. ಮೆಕ್ಕೆಜೋಳ ಮಾಗಿ ಎಲೆ ಒಣಗಿತು, ಬೆಳಕು ಕೆಳಗೆ ಬಿತ್ತು, ಹುಲ್ಲು ಎದ್ದಿತು. ಕೊಯ್ಲಾದ ಕೆಲವೇ ವಾರದಲ್ಲಿ ಹೊಲವೇ ಹುಲ್ಲುಗಾವಲು.

ಈಗ ಇದನ್ನು ಸೋಯಾ ಹಿಂದೆ ಹೂಡಿದ್ದಾರೆ. ಅಕ್ಟೋಬರಿನಲ್ಲಿ ಸೋಯಾ ಬಿತ್ತನೆ, ಜನವರಿ ಫೆಬ್ರವರಿಯಲ್ಲಿ ಕೊಯ್ಲು. ಅದೇ ವಾರ ಮೆಕ್ಕೆಜೋಳ ಮತ್ತು ಹುಲ್ಲು ಒಟ್ಟಿಗೆ. ಜೂನ್, ಜುಲೈನಲ್ಲಿ ಮೆಕ್ಕೆಜೋಳ ಮನೆಗೆ. ಸುತ್ತಲಿನ ಹಳೆಯ ಹುಲ್ಲುಗಾವಲೆಲ್ಲ ಹಳದಿಯಾಗಿರುವಾಗ ಇಲ್ಲಿ ಮಾತ್ರ ಎಳೆ ಹಸಿರು, ಅಲ್ಲಿಗೆ ಎತ್ತುಗಳು ಬರುತ್ತವೆ. ಸೆಪ್ಟೆಂಬರಿನಲ್ಲಿ ಎತ್ತು ಹೊರಗೆ, ಉಳಿದ ಹುಲ್ಲನ್ನು ಒಣಗಿಸಿ ಅದರ ಮೇಲೇ ಉಳದೆ ಮತ್ತೆ ಸೋಯಾ. ವರ್ಷದ ಮೂರನೇ ಬೆಳೆ ಎತ್ತು! ಇದಕ್ಕೆ ಹೆಚ್ಚಾಗಿ ರುಜಿಜಿಯೆನ್ಸಿಸ್ ಅನ್ನುವ ಜಾತಿಯನ್ನು ಆರಿಸುತ್ತಾರೆ, ಕಾರಣ ಅದು ಸುಲಭವಾಗಿ ಸಾಯುತ್ತದೆ. ಹುಲ್ಲನ್ನು ಸಾಯುವ ಗುಣಕ್ಕಾಗಿ ಆರಿಸುವುದು ವಿಚಿತ್ರ, ಆದರೆ ಸೋಯಾ ಬಿತ್ತಬೇಕಾದವನಿಗೆ ಹಟಮಾರಿ ಹುಲ್ಲು ಬೇಡ. ಕೇರಳದ ತೆಂಗಿನ ತೋಟಗಳಲ್ಲಿ ಕಾಂಗೋ ಸಿಗ್ನಲ್ ಅಂತ ಬೆಳೆಯುವುದು ಇದೇ ಹುಲ್ಲು.

ದ್ವಿದಳದ ಮೇವು ಬೆರೆಸಿದರೆ ಸಾರಜನಕ ಪುಕ್ಕಟೆ ಸಿಗುತ್ತದೆ ಅನ್ನುವುದು ಪುಸ್ತಕದಲ್ಲಿ ಸರಿ. ಅಂಥ ದ್ವಿದಳದ ಮೇವಾದ ಸ್ಟೈಲೋ ಗಿಡ ದಕ್ಷಿಣ ಅಮೆರಿಕದ್ದೇ. ನಮ್ಮ ಜಲಾನಯನ ಯೋಜನೆಯವರು ಬದುಗಳ ಮೇಲೆ ಬಿತ್ತುವ ಸ್ಟೈಲೋ ಅದರ ನೆಂಟ. ಎಂಬ್ರಾಪಾ 2000ದಲ್ಲಿ ಕಾಂಪೊ ಗ್ರಾಂಡೆ ಹೆಸರಿನಲ್ಲೇ ಎರಡು ಜಾತಿಯ ಸ್ಟೈಲೋ ಮಿಶ್ರಣ ಬಿಟ್ಟಿತು. ಆದರೆ ಹಟಮಾರಿ ಬ್ರಾಕಿಯಾರಿಯದ ನಡುವೆ ಅದನ್ನು ನಾಲ್ಕಾರು ವರ್ಷ ಉಳಿಸಿಕೊಳ್ಳುವುದು ಕಷ್ಟ. ಬೇಗ ಕಾಣೆಯಾಗುತ್ತದೆ, ರೈತ ಎರಡನೇ ಸಲ ಬೀಜಕ್ಕೆ ದುಡ್ಡು ಹಾಕುವುದಿಲ್ಲ.

ಹೀಗೆ ಎಲ್ಲ ಗೊತ್ತಿದ್ದೂ ಬ್ರೆಜಿಲ್‌ನ ಹುಲ್ಲುಗಾವಲಿನ ದೊಡ್ಡ ಭಾಗ ಸೊರಗಿದೆ. ಇದನ್ನು ಮುಚ್ಚಿಟ್ಟು ಬರೀ ಹೊಗಳಿದರೆ ತಪ್ಪಾಗುತ್ತದೆ. ಬ್ರಾಕಿಯಾರಿಯ ಬಡ ಮಣ್ಣನ್ನು ತಡೆದುಕೊಳ್ಳುತ್ತದೆ ಅನ್ನುವುದನ್ನು ರೈತರು 'ಅದಕ್ಕೆ ಏನೂ ಹಾಕಬೇಕಿಲ್ಲ' ಅಂತ ಓದಿಕೊಂಡರು. ಕಾಡು ಕಡಿದು ಸುಟ್ಟ ಬೂದಿಯ ಮೇಲೆ ಬಿತ್ತಿದಾಗ ನಾಲ್ಕೈದು ವರ್ಷ ಹುಲ್ಲು ಕುಣಿಯುತ್ತದೆ. ಎತ್ತಿನ ಮೂಳೆಯಲ್ಲಿ ರಂಜಕ, ಮಾಂಸದಲ್ಲಿ ಸಾರಜನಕ ಲಾರಿ ಹತ್ತಿ ಹೋಗುತ್ತಿರುತ್ತದೆ, ವಾಪಸ್ ಏನೂ ಬರುವುದಿಲ್ಲ. ಆಮೇಲೆ ಹುಲ್ಲು ಗುಂಪು ಗುಂಪಾಗಿ ಒಡೆಯುತ್ತದೆ. ನಡುವೆ ಬೋಳು ನೆಲ, ಪೊದೆ, ಆಳೆತ್ತರದ ಹುತ್ತ. ಆಗ ರೈತ ಸುಣ್ಣ, ರಂಜಕ ಹಾಕಿ ಸರಿಪಡಿಸಬಹುದು. ಅಥವಾ ಪಕ್ಕದ ಕಾಡಿಗೆ ಕೈ ಹಾಕಬಹುದು. ಎರಡನೆಯದು ಬಹಳ ಕಡೆ ಅಗ್ಗವಾಗಿತ್ತು. ಅಮೆಜಾನ್‌ನಲ್ಲಿ ಕಡಿದ ಕಾಡಿನ ಬಹುಪಾಲು ಹುಲ್ಲುಗಾವಲಾದದ್ದು ಹೀಗೆ.

2023ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಸೊರಗಿದ 4 ಕೋಟಿ ಹೆಕ್ಟೇರ್ ಹುಲ್ಲುಗಾವಲನ್ನು ಹತ್ತು ವರ್ಷದಲ್ಲಿ ಮತ್ತೆ ಫಲಕ್ಕೆ ತರುವ ಕಾರ್ಯಕ್ರಮ ಘೋಷಿಸಿತು. ಎರಡು ಕರ್ನಾಟಕದಷ್ಟು ನೆಲ. ಸುಣ್ಣದ ಕಲ್ಲು ಆ ದೇಶದಲ್ಲೇ ಇದೆ. ಗೊಬ್ಬರ ಮಾತ್ರ ನೂರಕ್ಕೆ ಸುಮಾರು 85 ಭಾಗ ಹೊರಗಿನಿಂದ ಹಡಗಿನಲ್ಲಿ ಬರಬೇಕು. ಬೆಲೆ ಏರಿದ ವರ್ಷ ರೈತ ಮೊದಲು ಕೈಬಿಡುವುದು ಹುಲ್ಲಿನ ಗೊಬ್ಬರವನ್ನೇ. ಸೋಯಾಕ್ಕೆ ಮಾತ್ರ ಹೇಗಾದರೂ ಹೊಂದಿಸಿ ಹಾಕುತ್ತಾನೆ, ಅದು ನಾಲ್ಕು ತಿಂಗಳಲ್ಲಿ ದುಡ್ಡಾಗುತ್ತದೆ. ಅದಕ್ಕೇ ಈಚೆಗೆ ಹುಲ್ಲುಗಾವಲು ಸರಿಪಡಿಸಲು ಹೊರಟವರು ಮೊದಲ ಎರಡು ಮೂರು ವರ್ಷ ಅಲ್ಲಿ ಹುಲ್ಲನ್ನೇ ಹಾಕುವುದಿಲ್ಲ. ಸೋಯಾ ಬೆಳೆಯುವವನಿಗೆ ನೆಲ ಗುತ್ತಿಗೆ ಕೊಡುತ್ತಾರೆ. ಆತ ತನ್ನ ಬೆಳೆಗಾಗಿ ಸುಣ್ಣ ಹಾಕುತ್ತಾನೆ, ರಂಜಕ ಹಾಕುತ್ತಾನೆ, ಹುತ್ತ ಕೆಡವಿ ನೆಲ ಮಟ್ಟ ಮಾಡುತ್ತಾನೆ. ಗುತ್ತಿಗೆ ಮುಗಿಯುವ ವರ್ಷ ಅವನ ಮೆಕ್ಕೆಜೋಳದ ಸಾಲಿನೊಳಗೆ ಬ್ರಾಕಿಯಾರಿಯ ಬೀಜ ಬೀಳುತ್ತದೆ. ಆ ಜುಲೈನಲ್ಲಿ ದನದ ಒಡೆಯ ಬೇಲಿ ಸರಿ ಮಾಡಿಕೊಂಡು, ಕೋಲು ಹಿಡಿದು ಅಲ್ಲಿಗೆ ಬರುತ್ತಾನೆ.